ಎಡಗಡೆಯ ಎಸಳು

ತಂಗಿ ಇಂಗ್ಲಿಷ್ ಓದುವಾಗ ನಾನು ಎದುರು ಕೂತು ಕೇಳಬೇಕಿತ್ತು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು ನಾನು. ಅವಳು ತಪ್ಪು ಹೇಳಿದರೂ ನನಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ನನ್ನ ಮುಂದೆ ಅವಳಿಗೆ ಅಂಜಿಕೆಯಿರಲಿಲ್ಲ.

“ಕ್ಯಾನ್ ಅಂದ್ರ ನಮ್ಮ ಕೈಲಿ ಆಗ್ತದ ಅಂತ. ಮಸ್ಟ್ ಅಂದ್ರ ಮಾಡ್ಲೇಬೇಕು. ಮೇ ಅಂದ್ರ ಅಪ್ಪಣಿ ಕೇಳೋದಣ್ಣಾ. ಮೇ ಐ ಗೋ?”

“ಎಲ್ಲಿಗಿ?”

“ರಾಯಚೂರಿಗಿ, ಕಾಲೇಜಿಗಿ.”

“ಕುರಿ ನೋಡು, ಮಂದಿ ಹೊಲಕ್ಕ ಅಪ್ಪಣಿ ಕೇಳದೇ ನುಗ್ತಾವ. ಮೊದಲು ಅವಕ್ಕ ಕಲಿಸು.”

“ಅವು ನಿನಗಿಂತ ಜಲ್ದಿ ಕಲೀತಾವ ಬಿಡು.”

ಅವಳು ಹತ್ತನೇ ತರಗತಿ ಪಾಸಾದಳು. ಅಪ್ಪ ಹೂ ಕೇಳೋಣ ಎಂದ. ಗಬ್ಬೂರಿನ ನಮ್ಮ ಮನೆಯಲ್ಲಿ ದೇವರನ್ನು ಕೇಳದೆ ಯಾರೂ ಊರು ಬಿಡುತ್ತಿರಲಿಲ್ಲ. ದೇವರ ಕಲ್ಲಿನ ಎಡಕ್ಕೊಂದು, ಬಲಕ್ಕೊಂದು ಒದ್ದೆ ಎಸಳು ಹಚ್ಚಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೋಗಬಹುದು, ಎಡಗಡೆಯದು ಬಿದ್ದರೆ ಇಲ್ಲ. ಹಚ್ಚುವ ಕೆಲಸ ನನ್ನದು.

ಅವಳು ಹೋದರೆ ಹಟ್ಟಿಯಲ್ಲಿ ಅಪ್ಪನ ಜೊತೆ ಉಳಿಯುವವನು ನಾನೊಬ್ಬನೇ. ಆಮೇಲೆ ಅವಳು ನನ್ನ ಎದುರು ಕೂತು ಓದುವುದಿಲ್ಲ. ಬಲಗಡೆಯ ಎಸಳನ್ನು ನೀರಲ್ಲಿ ಅದ್ದಿ, ಭಂಡಾರದ ಅರಿಶಿನ ಸವರಿ ಒತ್ತಿದೆ. ಎಡಗಡೆಯದನ್ನು ಧೋತರಕ್ಕೆ ಒರೆಸಿ ಸುಮ್ಮನೆ ತಾಗಿಸಿದೆ. ಹೊರಗೆ ಅರಚುತ್ತಿದ್ದ ಮರಿಗಳು ಒಮ್ಮೆಗೇ ಸುಮ್ಮನಾದವು. ಎಡಗಡೆಯ ಎಸಳು ಬಿತ್ತು.

“ದೇವರು ಒಲ್ಲೆ ಅಂತಾನ,” ಎಂದ ಅಪ್ಪ.

ತಂಗಿ ಅಳಲಿಲ್ಲ. ಬಿದ್ದ ಎಸಳನ್ನು ಎತ್ತಿ ಬೆರಳಲ್ಲಿ ಉಜ್ಜಿ ನೋಡಿದಳು. ಮತ್ತೆ ಅಲ್ಲೇ ಇಟ್ಟಳು. ಮುಂದಿನ ಬೇಸಿಗೆಗೆ ಅವಳನ್ನು ಕಲ್ಲೂರಿಗೆ ಮದುವೆ ಮಾಡಿ ಕೊಟ್ಟರು.

ಅಪ್ಪ ಈಗಿಲ್ಲ. ಮೊನ್ನೆ ತಂಗಿ ಕಲ್ಲೂರಿನಿಂದ ಬಸ್ ಹಿಡಿದು ಮಗಳೊಂದಿಗೆ ಬಂದಳು. ಹುಡುಗಿಗೂ ರಾಯಚೂರಿನ ಕಾಲೇಜೇ ಬೇಕಂತೆ. ನನ್ನ ಮುಂದೆ ನಿಂತು, “ಮಾಮಾ, ಮೇ ಐ ಗೋ?” ಎಂದಳು. ತಾಯಿ ಕಲಿಸಿದ್ದಳು.

“ನಮ್ಮ ಮನಿ ಪದ್ಧತಿ ಅದಲ್ಲ. ಹೂ ನೀನ ಹಚ್ಚು ಅಣ್ಣಾ,” ಎಂದಳು ತಂಗಿ.

ಎಸಳು ಅದ್ದಿದೆ. ಅವಳು ನನ್ನ ಬೆನ್ನಿಗೇ ಬಂದು ನಿಂತು ಕೈ ನೋಡುತ್ತಿದ್ದಳು. ಈ ಸಲ ಎಡಗಡೆಯದನ್ನು ಗಟ್ಟಿ ಒತ್ತಿಬಿಡಬಹುದಿತ್ತು. ಅದೂ ಮೋಸವೇ. ನನ್ನ ಕೈ ಮೇಲೇಳಲಿಲ್ಲ.

“ಕೇಳೋದು ಬ್ಯಾಡ. ಹೋಗ್ಲಿ ಹುಡುಗಿ.”

“ಯಾಕ?”

“ನಿನ್ನ ಸಲುವಾಗಿ ಹೂ ಕೇಳಿದಾಗ ಎಡಗಡಿದು ನಾನ ಒರಿಸಿ ಹಚ್ಚಿದ್ದೆ.”

ಅವಳು ನನ್ನ ಅಂಗೈಯಿಂದ ಎರಡೂ ಎಸಳು ಇಸಿದುಕೊಂಡು ನೆಲಕ್ಕಿಟ್ಟಳು. ಮಗಳ ರಟ್ಟೆ ಹಿಡಿದು ಹೊಸ್ತಿಲು ದಾಟಿದವಳು, ತಿರುಗಿ ನೋಡದೆ ಹೇಳಿದಳು:

“ಈಕಿ ಹೋಗ್ತಾಳ. ಕಳಸಾಕ ನೀ ಬಸ್‌ಸ್ಟ್ಯಾಂಡಿಗಿ ಬರಬ್ಯಾಡ.”