ಕೆಂಪು ಬಾಳೆಯ ಮೂರು ಬುಟ್ಟಿ

ನಿಜಾಮನ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ಕಮಲಾಪುರದಿಂದ ಮತ್ತೆ ಬಸ್ಸು ಶುರುವಾದ ವಾರ, ಅಣ್ಣನಿಗೆ ಬುತ್ತಿ ಕೊಡಲು ಕಲಬುರಗಿಗೆ ಹೋದೆ. ನನಗದು ಮೊದಲ ಬಸ್ಸು. ದಾರಿಯುದ್ದಕ್ಕೂ ಸುಮ್ಮಸುಮ್ಮನೆ ನಕ್ಕೆ.

ಅಣ್ಣ ಶಹಾಬಜಾರದ ಅಂಗಡಿಯೊಂದರಲ್ಲಿ ನಮ್ಮೂರಿನ ಕೆಂಪು ಬಾಳೆಹಣ್ಣು ಮುಟ್ಟಿ ನೋಡಿ, ಮಾಗುವ ದಿನದಂತೆ ಇಂದಿನದು, ನಾಳೆಯದು, ನಾಡಿದ್ದಿನದು ಎಂದು ಮೂರು ಬುಟ್ಟಿಗೆ ಹಾಕುತ್ತಿದ್ದ. ಗದ್ದಲವಾದರೆ ಕಿವಿ ಮುಚ್ಚಿ ಕುಸಿಯುತ್ತಾನೆಂದು ಉಳಿದ ಅಂಗಡಿಯವರೆಲ್ಲ ಅವನನ್ನು ಕೆಲಸದಿಂದ ಓಡಿಸಿದ್ದರು. ಈ ಅಂಗಡಿಯ ಚಾಚಾ ಮಾತ್ರ ಹಿಂದಿನ ಕೋಣೆ ಕೊಟ್ಟು, ಬುಟ್ಟಿ ತುಂಬುವವರೆಗೆ ಯಾರೂ ಮಾತಾಡಿಸಬಾರದು ಎಂದಿದ್ದರು.

ಅಣ್ಣ ನೀರು ಕುಡಿಯಲು ಹೋದಾಗ ನಾನು ನಗು ತಡೆಯುತ್ತ ಮೂರೂ ಬುಟ್ಟಿಯ ಹಣ್ಣು ಬೆರೆಸಿಬಿಟ್ಟೆ. ಮರಳಿ ಬಂದವನು ಗೋಣಿಚೀಲಗಳ ಹಿಂದೆ ಕೂತು ತೂಗಾಡತೊಡಗಿದ.

"ಯಾರ್ ಮಾಡ್ಯಾರ ಇದು?" ಚಾಚಾ ಕೇಳಿದರು.

"ಅಣ್ಣನೇ ಮಾಡ್ಯಾನ್ರೀ ಚಾಚಾ. ಒಮ್ಮೊಮ್ಮಿ ಅವಗ ಹಿಂಗ ಆಗ್ತದ," ಎಂದೆ.

"ಅವನ ಕೈ ತಪ್ಪಂಗಿಲ್ಲ ಬೇಟಿ. ನೀನ ಆರ್ಸು ಬಾ."

ಮುಟ್ಟಿದ್ದೆಲ್ಲ ನನಗೆ ನಾಳೆಯದೇ ಅನಿಸಿತು. ಮತ್ತೆ ನಗು ಉಕ್ಕಿತು. ಅಣ್ಣ ಎದ್ದು ಬಂದು ನನ್ನ ಕೈಯ ಹಣ್ಣು ಕಸಿದು ಸರಿಯಾದ ಬುಟ್ಟಿಗೆ ಹಾಕಿದ, ಇನ್ನೊಂದಕ್ಕೆ ಕೈ ಚಾಚಿದ. ಬುಟ್ಟಿ ತುಂಬುವವರೆಗೆ ನಾನು ಕೊಟ್ಟೆ, ಅವನು ಹಾಕಿದ. ಅವನ ಕೆಲಸ ಉಳಿಯಿತು. ಚಾಚಾ ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆರೆಸಿದವಳು ನಾನೇ.