ನಾ ಕೊಟ್ಟ ಮಾಡ

ಮನಿ ಕಟ್ಟಾಕ ಪರವಾನಗಿ ಯಾಕ ತಡಾ ಆತು ಅಂತ ಮಂದಿ ಕೇಳತಾರ. ಪುರಸಭಾದವರು ಕಾಡಿದರು ಅಂತ ನನ್ನ ಮಗ ಹೇಳಕೋತ ಅಡ್ಡಾಡತಾನ. ಅದು ಸುಳ್ಳು. ಬಾಜೂ ಮನ್ಯಾಕಿ ನನಗ ಮೋಸ ಮಾಡಿದಳು. ನಾ ಕೊಟ್ಟಿದ್ದನ್ನ ನನಗೇ ತಿರುವಿ ಹಿಡಿದಳು. ಆಗಿದ್ದು ಇಷ್ಟ.

ಗಜೇಂದ್ರಗಡದಾಗ ನಮ್ಮ ಓಣಿ ಹಳೇದು. ಮನಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಾವ, ಮ್ಯಾಲ ಮಣ್ಣಿನ ಮಾಳಗಿ. ನಮಗೂ ಬಾಜೂ ಮನಿಗೂ ನಡುವ ಒಂದ ಗ್ವಾಡಿ. ನನ್ನ ಮಾವ ಕಟ್ಟಿಸಿದ್ದು. ನಮ್ಮ ತೊಲಿಗಳೇ ಅದರ ಮ್ಯಾಲ ಕುಂತಾವ, ಅವರ ತೊಲಿಗಳು ಬ್ಯಾರೆ ಕಡೆ ಹಾದಾವ.

ಆಕಿ ರಾಜೂರಿಂದ ಸೊಸಿಯಾಗಿ ಬಂದ ವರ್ಷ ಅವರ ಮನ್ಯಾಗ ದೇವರ ದೀಪ ಇಡಾಕ ಜಾಗಾ ಇರಲಿಲ್ಲ. "ಎಕ್ಕಾ, ನಿಮ್ಮ ಗ್ವಾಡಿಗೆ ನಮ್ಮ ಕಡೆಯಿಂದ ಒಂದು ಮಾಡ ಕೊರಸ್ಕೊಳ್ಳಲೇನ?" ಅಂತ ಕೇಳಿದಳು. ಮಾಡ ಅಂದ್ರ ಗ್ವಾಡ್ಯಾಗ ಕೊರೆದ ಸಣ್ಣ ಗೂಡು, ಒಂದು ಹಣತಿ ಕುಂದ್ರುವಷ್ಟು. ನಮ್ಮತ್ತಿ ಒಳಗಿಂದ ಒದರಿದಳು, "ಬ್ಯಾಡ! ಮಾಡ ಇದ್ದವರದ ಗ್ವಾಡಿ." ಹಳೇ ಮಂದಿ ಹಂಗ ನೋಡತಿದ್ದರು. ಗ್ವಾಡಿ ಸಲುವಾಗಿ ಜಗಳ ಬಂದ್ರ ಹಿರ್ಯಾರು ಬಂದು ಮಾಡ ಯಾವ ಕಡೆ ಐತಿ ಅಂತ ನೋಡೋರು. ಎರಡೂ ಕಡೆ ಇದ್ದರ ಗ್ವಾಡಿ ಇಬ್ಬರದೂ. ನಮ್ಮ ಕಡೆ ಮೊದಲಿಂದ ಒಂದು ಮಾಡ ಇತ್ತು.

"ದೇವರ ದೀಪಕ್ಕ ಎಂಥಾ ಹಕ್ಕು, ಬಿಡ್ರಿ ಅತ್ತಿ" ಅಂದೆ. ಮಾಡ ಕೊರೆದ ದಿನ ಆಕಿ ನನ್ನ ಕರದು ಉಡಿ ತುಂಬಿದಳು.

ಹ್ವಾದ ಮಳಿಗಾಲದಾಗ ನಮ್ಮ ಮಾಳಗಿ ಒಂದು ಮೂಲಿ ಕುಸಿದು ಸೊಸಿ ಹಾಸಿಗಿ ಮ್ಯಾಲ ಬಿತ್ತು. ಸೊಸಿ ಒಲಿ ಮುಂದ ಇದ್ದಳಂತ ಉಳದಳು. ಇನ್ನೊಂದು ಮಳಿಗಾಲ ಈ ಮಾಳಗಿ ಕೆಳಗ ಯಾರೂ ಮಲಗಬಾರದು ಅಂತ ನಾನೇ ಹೇಳಿದೆ. ಕೆಡವಿ ಸ್ಲ್ಯಾಬಿನ ಮನಿ ಕಟ್ಟೂದು, ಮಳಿ ಹಿಡಿಯೂದರಾಗ ಪರವಾನಗಿ ತಗೊಳ್ಳೂದು ಅಂತ ಠರಾವು ಆತು.

ನಕ್ಷಾ ತಗಿಯೋ ಇಂಜಿನಿಯರ್ ಬಂದು ಆ ಗ್ವಾಡಿನೂ ಕೆಡವೂಣು ಅಂದ.

"ಅದನ್ನ ಮುಟ್ಟಬ್ಯಾಡ ತಮ್ಮಾ. ಆ ಕಡೆ ಅವರ ದೇವರ ದೀಪ ಐತಿ."

"ಅಜ್ಜೀ, ಬರೇ ಮಣ್ಣಿನ ಗ್ವಾಡ್ರಿ ಅದು."

"ಇರ್ಲಿ. ಕಂಬಾ ಈ ಕಡೆ ನಿಲ್ಲಸು. ಸ್ಲ್ಯಾಬು ಗ್ವಾಡಿ ಮ್ಯಾಲ ಹಾಯಲಿ, ಮಳಿ ಬಡಿಯಬಾರದು."

ಹಂಗ ನಕ್ಷಾ ಆತು. ಅವತ್ತ ಸಂಜಿಗೆ ಬಾಜೂ ಮನ್ಯಾಕಿ ಕಟ್ಟಿ ಮ್ಯಾಲ ನಾ ಕುಂತು, "ನಿನ್ನ ಮಾಡಕ್ಕ ಏನೂ ಆಗೂದಿಲ್ಲ" ಅಂತ ಹೇಳಿದೆ. ಎಲಿ ಅಡಕಿ ಕೊಟ್ಟಳು. "ನೀ ಇದ್ದೀ ಅಂತ ನಾ ನಿಶ್ಚಿಂತಿ ಎಕ್ಕಾ" ಅಂದಳು.

ಪುರಸಭಾದ ಸಾಹೇಬ್ರು ಜಾಗಾ ನೋಡಾಕ ಬಂದರು. ಟೇಪು ಹಿಡಿಯೂದರ ಮೊದಲ, "ಅಜ್ಜೀ, ಒಂದು ತಕರಾರು ಬಂದೈತ್ರಿ. ಈ ಗ್ವಾಡಿ ಸಾಮಾಯಿಕ, ಇಬ್ಬರಿಗೂ ಸೇರಿದ್ದು ಅಂತ" ಅಂದರು. ಯಾರ ಕೊಟ್ಟಾರ ಅಂದೆ. ಬಾಜೂ ಮನಿ ಕಡೆ ಮಾರಿ ತಿರುವಿದರು. ನಕ್ಕೆ. ಖರೇನ ನಗಿ ಬಂತು. ಮನಿ ತಪ್ಪಿರಬೇಕು ಅನಕೊಂಡು ಅವರ ಹಿಂದ ಆಕಿ ಮನಿಗೆ ಹ್ವಾದೆ.

ಮಾಡಕ್ಕ ಹೊಸಾ ಸುಣ್ಣ ಬಳದಿದ್ದಳು. ನಡುಮಧ್ಯಾಹ್ನ ದೀಪ ಹಚ್ಚಿದ್ದಳು. ನನ್ನ ಕಡೆ ನೋಡಲಿಲ್ಲ, ಸಾಹೇಬ್ರಿಗೆ ಹೇಳಿದಳು. "ನೋಡ್ರಿ, ನಾ ಬಂದಾಗಿಂದ ನಮ್ಮ ಮಾಡ ಇಲ್ಲೇ ಐತ್ರಿ. ಅರ್ಧಾ ಗ್ವಾಡಿ ನಮ್ದು."

"ಮಾಡ ಕೊರಸೂ ಮೊದಲ ಯಾರನ್ನ ಕೇಳಿದ್ದಿ ತಂಗಿ?" ಅಂದೆ.

ಬತ್ತಿ ಮುಂದ ಸರಿಸಿದಳು. "ನಮ್ಮ ಗ್ವಾಡಿಗೆ ಯಾರನ್ನ ಕೇಳೂದು?"

ಸಾಹೇಬ್ರು ಒಳ್ಳೇವರು. ಇಬ್ಬರೂ ಒಪ್ಪಿ ಸಹಿ ಮಾಡ್ರಿ, ಇಲ್ಲಾ ಕೋರ್ಟಿಗೆ ಹೋಗ್ರಿ, ಇಲ್ಲಾ ಗ್ವಾಡಿ ಬಿಟ್ಟು ಬ್ಯಾರೆ ನಕ್ಷಾ ಕೊಡ್ರಿ, ಅಲ್ಲೀತನಕ ಪರವಾನಗಿ ಇಲ್ಲ ಅಂದು ಹ್ವಾದರು. ಮಗ ಕುದ್ದು ಹೋಗಿದ್ದ. "ಯವ್ವಾ, ನಾಳೇನ ರೋಣದ ಕೋರ್ಟಿಗೆ ನಡಿ." ಕೋರ್ಟಿನ್ಯಾಗ ಕುಂತ್ರ ಮಳಿ ಕಾಯತೈತೇನು ಅಂದೆ.

ಹೊತ್ತು ಮುಳಗೂ ಮುಂದ ಆಕಿ ಹಿತ್ತಲ ಬಾಗಲಿಗೆ ಬಂದಳು.

"ಸಿಟ್ಟಾಗಬ್ಯಾಡ ಎಕ್ಕಾ. ನಮ್ಮ ಅಳಿಯಾ ಹೇಳಿದ, ನಾಳೆ ಆಕಿ ಮಗ ಗ್ವಾಡಿ ಕೆಡವಿದ್ರ ಏನ ಮಾಡ್ತಿ ಅಂತ."

"ಕೆಡವಂಗಿಲ್ಲ ಅಂತ ನಾ ಹೇಳಿದ್ನಲ್ಲ."

"ನೀ ಎಷ್ಟ ದಿನಾ ಇರ್ತಿ?" ಅಂದಳು.

ಮಾತು ಖರೇ. ವಯಸ್ಸಾಗೇತಿ, ಸಾಯತೇನಿ. ಆದ್ರ ಎಲಿ ಅಡಕಿ ಕೊಟ್ಟ ದಿನಾನ ಅದನ್ನ ಕೇಳಿದ್ದರ, ಮಾಡ ಮುಟ್ಟಬಾರದು ಅಂತ ಮಗನ ಕಡಿಂದ ಬರಿಸಿ ಕೊಡತಿದ್ದೆ. ಕೇಳಲಿಲ್ಲ. ನನ್ನ ತನ್ನ ಕಟ್ಟಿ ಮ್ಯಾಲ ಕುಂದ್ರಿಸಿಕೊಂಡು ಬೆನ್ನ ಹಿಂದ ಅರ್ಜಿ ಕೊಟ್ಟಳು. ಬಾಗಲಾ ಹಾಕಿದೆ.

ಮರುದಿನ ಮುಂಜಾನೆ ರೊಟ್ಟಿ ಬಡದಿಟ್ಟು ಇಂಜಿನಿಯರ್ ಮನಿಗೆ ಹ್ವಾದೆ. ಆಂವ ಇನ್ನೂ ಹಲ್ಲ ತಿಕ್ಕತಿದ್ದ. ಗ್ವಾಡಿ ಪೂರಾ ಆಕಿಗೆ ಬಿಡು, ಒಂದು ಮೊಳ ಒಳಗ ಸರದು ನಮ್ಮದೊಂದು ಹೊಸಾ ಗ್ವಾಡಿ ಹಾಕು, ಸ್ಲ್ಯಾಬು ಅಲ್ಲಿಗೇ ನಿಲ್ಲಸು ಅಂದೆ.

"ಅಡಗಿ ಮನಿ ಇಕ್ಕಟ್ಟ ಆಗತೈತಿ ಅಜ್ಜೀ."

"ಆಗ್ಲಿ."

"ಮತ್ತ ಮ್ಯಾಲ ಸ್ಲ್ಯಾಬ್ ಇಲ್ಲಂದ್ರ ಮಳಿಗೆ ಆ ಗ್ವಾಡಿ ಕರಗತೈತ್ರಿ."

"ಗ್ವಾಡಿ ಯಾರದೋ ಅವರು ಮೆತ್ತಕೋತಾರ. ನೀ ಗೆರಿ ಹೊಡಿ."

ಹೊಡದ. ಸಹಿ ಮಾಡಿ, ಹೊಸಾ ನಕ್ಷಾದ ಸುರುಳಿ ಕಂಕಳಾಗ ಇಟಗೊಂಡು ಪುರಸಭಾಕ್ಕ ಹ್ವಾದೆ. ಬಾಗಲಾ ಇನ್ನೂ ತಗದಿರಲಿಲ್ಲ. ಬಾಗಲ ಮುಂದಿನ ಪಾಂವಟಗಿ ಮ್ಯಾಲ ಕುಂತೆ.