ಅವ್ವನ ಗೋಣಿ ಪರದೆ

ಗೋಣಿಯ ವಾಸನೆಗೆ ನನಗೆ ಈಗಲೂ ಮೈ ಉರಿಯುತ್ತದೆ.

ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಅವ್ವ ಹರಿದ ಕಾಫಿ ಚೀಲಗಳನ್ನು ಒಗೆದು, ಬಿಳಿ ದಾರದಲ್ಲಿ ಕಾಫಿ ಹೂ ಹೊಲಿದು, ಬಾಗಿಲಿಗೆ ಪರದೆ ಕಟ್ಟಿದ್ದಳು. ಅದನ್ನು ನೋಡಿದ ಸಾಹುಕಾರರ ಹೆಂಡತಿ, "ಗೋಣಿ ನೇತಾಕ್ಬುಟ್ರೆ ಬಂಗ್ಲೆ ಆಗ್ಬುಡ್ತದೇನೇ?" ಎಂದು ನಕ್ಕು, ಪರದೆಯನ್ನು ಕಿತ್ತು ಕೆಳಗೆ ಹಾಕಿ, ಅದಕ್ಕೇ ಕೆಸರಿನ ಕಾಲು ಒರೆಸಿದರು.

ಈಗ ಆ ಸಾಹುಕಾರರ ಬಂಗಲೆ ಹೋಂಸ್ಟೇ ಆಗಿದೆ. ನಿನ್ನೆ ಅದೇ ಅಮ್ಮಾವ್ರು ನಮ್ಮ ಹೊಲಿಗೆ ಅಂಗಡಿಯ ಬಾಗಿಲಿಗೆ ಬಂದರು.

"ಗೋಣಿ ಪರದೆ ಬೇಕಿತ್ತು ಕಣಮ್ಮ. ಬರೋ ಗೆಸ್ಟ್‌ಗಳಿಗೆ ಅದೇ ಚಂದ ಅಂತೆ."

"ಕಾಲು ಒರೆಸ್ಕೊಂಡು ಬನ್ನಿ ಅಮ್ಮಾವ್ರೆ," ಎಂದೆ.

ಹೊಸ್ತಿಲಲ್ಲಿ ಹಾಸಿದ್ದ ಬಟ್ಟೆಗೆ ಚೆನ್ನಾಗಿ ಒರೆಸಿಕೊಂಡರು. ಹಳತಾಯಿತೆಂದು ಹಿಂದೊಮ್ಮೆ ಅವರೇ ನಮಗೆ ಕೊಟ್ಟಿದ್ದ ಬಂಗಲೆಯ ಮಖಮಲ್ ಪರದೆ ಅದು. ಅವರಿಗೆ ಗುರುತು ಸಿಗಲಿಲ್ಲ. ಮಷಿನ್ನಿನ ಮುಂದೆ ಕೂತಿದ್ದ ಅವ್ವ ಮಾತ್ರ ನಕ್ಕಳು.